ಕೀಲಿಕೈ ಒಪ್ಪಿಸಿದ ಕೈಗೆ ಅನಾಮತ್ತು ಏಕಿಲ್ಲ?

ಬಾಡಿಗೆ ತಕರಾರುಗಳನ್ನು ಬಗೆಹರಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡ ಸತ್ತಿದ್ದಾರೆಂದು ಬರೆದುಕೊಟ್ಟರೆ ಮಾತ್ರ ನನ್ನ ಅನಾಮತ್ತು ನನಗೆ ಸಿಗುತ್ತದೆ ಎಂದು ತಾವು ಕಳೆದ ವಾರ ಅಪ್ಪಣೆ ಕೊಡಿಸಿದಿರಿ. ಮನೆ ಹಿಡಿಯುವಾಗ ಮಾಲೀಕರ ಬಳಿ ಇಟ್ಟು, ಬಿಡುವಾಗ ಮರಳಿ ಪಡೆಯಬೇಕಾದ ಹಣಕ್ಕೆ ಒಂದು ಜೀವವನ್ನು ತೆರಬೇಕಾಗುತ್ತದೆಂದು ನನಗೆ ತಿಳಿದಿರಲಿಲ್ಲ. ತಮ್ಮೆದುರು ಎಲ್ಲವನ್ನೂ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಹತ್ತು ಮಂದಿ ಓದಿದರೆ ಹತ್ತು ಮಂದಿಯೊಡನೆ ಮಾತಾಡಿದಂತಾದೀತು ಎಂಬ ಆಸೆಯೂ ಇದೆ. ಈಚೆಗೆ ನನಗೆ ಅದೂ ಅಪರೂಪ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ದತ್ತು ಕಾಕಾ ಅವರ ಮನೆಯನ್ನು ನಾವು ಹಿಡಿದದ್ದು ಮದುವೆಯಾದ ಹೊಸತರಲ್ಲಿ. ಅವರು ಕೇಳಿದ ಅನಾಮತ್ತು ನಮ್ಮ ಬಳಿ ಇರಲಿಲ್ಲ. ತವರಿನಿಂದ ಬಂದ ನನ್ನ ಕೈಯ ಚಿನ್ನದ ಬಿಲ್ವಾರಗಳನ್ನು ಮಾರಿ ಹಣ ತಂದೆ. ಹಣ ಸಂದ ಪಾವತಿ ಚೀಟಿ ಮಾತ್ರ ಯಜಮಾನರ ಹೆಸರಿನಲ್ಲಾಯಿತು. ಆಗ ಅದು ಸಹಜವಾಗಿತ್ತು. ಗಂಡನಿರುವಾಗ ಹೆಂಡತಿಯ ಹೆಸರು ಯಾರಿಗೆ ಬೇಕು?

ಯಜಮಾನರು ಅರಳೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಯುದ್ಧದ ಕಾಲಕ್ಕೆ ಅಂಗಡಿ ಮುಚ್ಚಿತು. ಮುಂಬಯಿಯಲ್ಲಿ ಕೆಲಸವಿದೆ ಎಂದು ರೈಲು ಹತ್ತಿದರು. ಕೆಲವು ತಿಂಗಳು ಕಾಗದ ಬಂದವು, ಹಣ ಬಂತು. ಆಮೇಲೆ ಎರಡೂ ನಿಂತವು. ನನ್ನ ತಮ್ಮ ಹೋಗಿ ಹುಡುಕಿ ಬಂದ. ಅವರಿದ್ದ ಚಾಳಿನವರು, ಒಂದು ದಿನ ಟ್ರಂಕು ಹೊತ್ತುಕೊಂಡು ಹೋದರು, ಎಲ್ಲಿಗೆಂದು ಹೇಳಲಿಲ್ಲ ಎಂದರಂತೆ. ಸತ್ತಿದ್ದರೆ ಅಳಬಹುದಿತ್ತು. ಬಿಟ್ಟುಹೋಗಿದ್ದರೆ ಶಪಿಸಬಹುದಿತ್ತು. ಯಾವುದೂ ಗೊತ್ತಿಲ್ಲದವಳು ಏನು ಮಾಡಬೇಕು? ಅರಿಸಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ತಿಳಿಯದೆ ಓಣಿಯ ಹೆಂಗಸರು ನನ್ನನ್ನು ಕರೆಯುವುದನ್ನೇ ಬಿಟ್ಟರು. ಪಕ್ಕದ ಮನೆಯ ರೆಹಮತ್‌ಬಿಗೆ ಆ ತೊಡಕು ಇರಲಿಲ್ಲ. ಅವಳೊಬ್ಬಳು ದಿನಾ ಬಂದು ಹೊಸ್ತಿಲಲ್ಲಿ ಕೂಡುತ್ತಿದ್ದಳು.

ಆ ಮನೆಯ ಬಾಡಿಗೆಯನ್ನು ಮುಂದೆ ಕೊಟ್ಟವಳು ನಾನು, ಹೊಲಿಗೆ ಮಾಡಿ, ಮನೆಮನೆಗೆ ಹೋಗಿ ಹುಡುಗಿಯರಿಗೆ ಅಕ್ಷರ ಕಲಿಸಿ. ಆಗ ದತ್ತು ಕಾಕಾ ಯಜಮಾನರನ್ನು ಕೇಳಲಿಲ್ಲ. ಒಮ್ಮೆ ತಡವಾದಾಗ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ನನ್ನ ಹೆಸರನ್ನೇ ಹಿಡಿದು ಕೂಗಿದರು. ಕಡೆಗೆ ಧಾರವಾಡದ ಹೆಣ್ಣುಮಕ್ಕಳ ಸಾಲೆಯಲ್ಲಿ ಕೆಲಸ ಸಿಕ್ಕಿತು. ಮನೆಗೆ ಸುಣ್ಣ ಹಚ್ಚಿಸಿ, ನೆಲ ಸಾರಿಸಿ, ಕೀಲಿಕೈ ಒಪ್ಪಿಸಿದೆ. ಕೀಲಿಕೈಯನ್ನು ಅವರು ನನ್ನ ಕೈಯಿಂದಲೇ ತೆಗೆದುಕೊಂಡರು. ಅನಾಮತ್ತು ಕೇಳಿದಾಗ ಮಾತ್ರ ಧ್ವನಿ ಬದಲಾಯಿತು.

"ಮಂದಾಕಿನಿಬಾಯಿ, ನಿಮ್ಮ ರೊಕ್ಕ ನನಗ್ಯಾಕ ಬೇಕ್ರಿ? ಆದ್ರ ಪಾವತಿ ಯಾರ ಹೆಸರಿಲೆ ಅದ ನೋಡ್ರಿ. ನಾಳೆ ರಾಯರು ಬಂದು, ನನ್ನ ರೊಕ್ಕ ಎಲ್ಲಿ ಅಂದ್ರ ನಾ ಏನ ಹೇಳ್ಲಿ?"

ನಾನು ನ್ಯಾಯ ಕೇಳಿ ತಮ್ಮ ಬಳಿಗೆ ಬಂದೆ. ತಾವು ಮೊದಲು ಕೇಳಿದ್ದು ಗಂಡನ ಹೆಸರು. "ಯಜ್ಞೇಶ್ವರ" ಎಂದೆ. ಮದುವೆಯಲ್ಲಿ ಹೇಳಿಸುವಂತೆ ಒಗಟಿನಲ್ಲಿ ಹುದುಗಿಸದೆ, ಹೀಗೆ ಬಾಯಿಬಿಟ್ಟು ಅವರ ಹೆಸರು ಹೇಳಿದ್ದು ಅದೇ ಮೊದಲು. ಅದು ನಡೆದದ್ದು ತಮ್ಮ ಕಚೇರಿಯಲ್ಲಿ, ಜವಾನನ ಎದುರಿಗೆ.

"ಅವರನ್ನ ಕರಕೊಂಡ ಬರ್ರಿ" ಎಂದಿರಿ.

"ಎಲ್ಲಿದ್ದಾರೋ ಗೊತ್ತಿಲ್ರಿ."

"ಹಂಗಾರ ಅವರು ಇಲ್ಲ ಅಂತ ಬರದ ಕೊಡ್ರಿ."

"ಇಲ್ಲ ಅಂದ್ರ ಮನ್ಯಾಗ ಇಲ್ರಿ. ಜಗತ್ತಿನಾಗ ಇಲ್ಲ ಅಂತ ನಾ ಹೆಂಗ ಹೇಳ್ಲಿ?"

ತಾವು ನಕ್ಕಿರಿ. ನಾನು ಹಾಸ್ಯ ಮಾಡಿರಲಿಲ್ಲ.

ಸಾಕ್ಷಿ ಹೇಳಲು ರೆಹಮತ್‌ಬಿ ಬಂದಿದ್ದಳು. "ಬಿಲ್ವಾರ ಮಾರಿದ ದಿನ ನಾನ ಇಕೀ ಜೋಡಿ ಇದ್ನಿರಿ ಸಾಹೇಬ್ರ. ಬರೀ ಕೈಲೆ ಮನಿಗೆ ಹೋಗಬಾರ್ದಂತ ನಾನ ಹಸರ ಬಳಿ ಇಡಿಸಿದ್ನಿ" ಎಂದಳು. ಬಳೆಯ ಮಾತು ಇಲ್ಲಿ ಬೇಡ ಎಂದು ತಾವು ಅವಳನ್ನು ಹೊರಗೆ ಕಳಿಸಿದಿರಿ.

ತಮ್ಮ ಗುಮಾಸ್ತ ಮೈಲಾರಪ್ಪನವರು ಒಳ್ಳೆಯವರು. ಪಡಸಾಲೆಗೆ ಕರೆದು ಮೆಲ್ಲಗೆ, "ಅಕ್ಕಾರ, ಹಟಾ ಮಾಡಬ್ಯಾಡ್ರಿ. ತೀರಿಕೊಂಡಾರ ಅಂತ ಒಂದ ಮಾತ ಬರೀರಿ. ಸಂಜೀಕ ರೊಕ್ಕ ನಿಮ್ಮ ಕೈಯಾಗ ಇರ್ತಾವ. ಯಾರ ನೋಡ್ತಾರ?" ಎಂದರು. ಹಾಳೆಯನ್ನೂ ಅವರೇ ಕೊಟ್ಟರು. ನಾನು ಬರೆಯತೊಡಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಯಜಮಾನರ ಹೆಸರು ಬರೆದೆ. 'ತೀ' ಎಂದೂ ಬರೆದೆ. ಮುಂದಿನ ಅಕ್ಷರಕ್ಕೆ ಕೈ ಏಳಲಿಲ್ಲ. ಹಾಳೆಯನ್ನು ಮಡಚಿ ಮೈಲಾರಪ್ಪನವರಿಗೇ ಕೊಟ್ಟು ಎದ್ದುಬಂದೆ.

ದಯವಿಟ್ಟು ನನ್ನನ್ನು ಪತಿವ್ರತೆ ಎಂದು ಹೊಗಳಬೇಡಿ. ಅವರು ಬರುತ್ತಾರೆಂಬ ನಂಬಿಕೆ ನನಗಿಲ್ಲ. ಸ್ಟೇಶನ್ನಿಗೆ ನಡೆಯುವಾಗ ರೆಹಮತ್‌ಬಿ, "ಬರದ ಕೊಟ್ಟಿದ್ರ ಏನ ಆಕ್ಕಿತ್ತ ಅವ್ವಾ?" ಎಂದಳು. "ಬರದ ಕೊಟ್ಟಿದ್ರ ಕಾಯಾಕ ನನಗ ಯಾರೂ ಉಳೀತಿದ್ದಿಲ್ಲ" ಎಂದೆ. ಅವಳು ಗಾಡಿ ಬಿಡುವವರೆಗೆ ಕಿಟಕಿಯ ಸರಳಿನ ಮೇಲಿದ್ದ ನನ್ನ ಕೈ ಹಿಡಿದು ನಿಂತಿದ್ದಳು.

ಈಗ ಧಾರವಾಡದಲ್ಲಿ ಅಂಬಾಬಾಯಿಯವರ ವಾಡೆಯ ಒಂದು ಖೋಲಿಯಲ್ಲಿದ್ದೇನೆ. ಸಾಲೆ ಬಿಟ್ಟ ಮೇಲೆ ಮಾತಿಗೆ ಯಾರೂ ಇಲ್ಲ. ಮರುದಿನದ ಪಾಠವನ್ನು ಗೋಡೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅಂಬಾಬಾಯಿಯವರೂ ಅನಾಮತ್ತು ಕೇಳಿದ್ದಾರೆ. "ಒಬ್ಬಾಕೀನ ಇರೂಕಿ, ನಿಮಗ ಖೋಲಿ ಕೊಟ್ಟದ್ದ ಹೆಚ್ಚು. ದೀಪಾವಳಿಯೊಳಗ ಕೊಡ್ರಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೋರಿ" ಎಂದಿದ್ದಾರೆ. ಎಂದರೆ, ಜೊತೆಗೆ ಗಂಡನಿಲ್ಲ ಎಂದು ಒಂದೂರಿನಲ್ಲಿ ಅನಾಮತ್ತು ಮರಳಿ ಕೊಡುವುದಿಲ್ಲ, ಅದೇ ಕಾರಣಕ್ಕೆ ಇನ್ನೊಂದೂರಿನಲ್ಲಿ ಅನಾಮತ್ತಿಲ್ಲದೆ ಇರಗೊಡುವುದಿಲ್ಲ. ಕಾನೂನು ಬಲ್ಲ ತಾವು ಹೇಳಿ, ನನ್ನಂಥವಳು ಈ ಎರಡೂರಿನ ನಡುವೆ ಗಾಡಿಯಲ್ಲೇ ಸಂಸಾರ ಹೂಡಬೇಕೆ?

ನಾನು ದಾನ ಬೇಡುತ್ತಿಲ್ಲ. ಬಾಡಿಗೆ ಕೊಟ್ಟ ಕೈಗೆ, ಕೀಲಿಕೈ ಒಪ್ಪಿಸಿದ ಕೈಗೆ ಅನಾಮತ್ತನ್ನು ಮರಳಿಸುವಂತೆ ಅಪ್ಪಣೆ ಮಾಡಿ. ನನಗೊಬ್ಬಳಿಗೇ ಅಲ್ಲ, ಗಂಡಂದಿರು ಮರಳದ ಎಲ್ಲರಿಗೂ. ಮುಂದೆ ಎಂದಾದರೂ ಯಜ್ಞೇಶ್ವರರಾಯರು ತಮ್ಮ ಕಚೇರಿಗೆ ಬಂದು, ನನ್ನ ರೊಕ್ಕವನ್ನು ಆಕೆಗೆ ಏಕೆ ಕೊಟ್ಟಿರಿ ಎಂದು ತಕರಾರು ತೆಗೆದರೆ, ಅವರನ್ನು ಅಲ್ಲಿಯೇ ಕೂರಿಸಿ ನನಗೆ ಹೇಳಿಕಳಿಸಿ. ನನಗೆ ಬೇಕಾದಷ್ಟು ದಂಡ ಹಾಕಿ. ನಾನು ಓಡಿ ಬರುತ್ತೇನೆ.

ಇಂತಿ,
ಗಂಡ ಇರುವರೋ ಇಲ್ಲವೋ ಅರಿಯದ, ತಾನು ಮಾತ್ರ ಇದ್ದೇನೆಂದು ಬಲ್ಲ
ಮಂದಾಕಿನಿ
ಧಾರವಾಡ, ೧೯೪೬