ಮೂರು ಎನ್ನುವ ಮೊದಲು

ಬುಧವಾರ, ಮಧ್ಯಾಹ್ನದ ಆಟ ಶುರುವಾದ ಮೇಲೆ
ಟಾಕೀಸಿನ ಟಿಕೆಟ್ ಕೌಂಟರಿನಿಂದ

ಫೈಟ್ ಮಾಸ್ಟರ್ ಅವರಿಗೆ,

ಹನ್ನೆರಡು ವರ್ಷ ‘ರೀ’ ಎಂದು ಕರೆದ ಬಾಯಿಗೆ ಈ ಹೆಸರು ಒಗ್ಗುತ್ತಿಲ್ಲ. ಆದರೆ ಊರೆಲ್ಲ ನಿಮ್ಮನ್ನು ಹೀಗೇ ಕರೆಯುವಾಗ ನಾನೊಬ್ಬಳು ಬೇರೆ ರಾಗ ಎಳೆಯುವುದೇಕೆ? ನಿಮ್ಮ ಕಾಗದ ಸೋಮವಾರ ತಲುಪಿತು. ಸಿನಿಮಾ ನೋಡಿ ಎಲ್ಲರೂ ಅಭಿಪ್ರಾಯ ಹೇಳಿಯಾಯಿತು, ಹೆಂಡತಿಯದೊಂದೇ ಬಾಕಿ ಎಂದು ಬರೆದಿದ್ದೀರಿ. ಶನಿವಾರ ಬಂದು ಗುಬ್ಬಿಯನ್ನು ಕರೆದೊಯ್ಯುತ್ತೇನೆ, ರಜೆಯೆಲ್ಲ ನನ್ನ ಬಳಿ ಇರಲಿ, ಹೆತ್ತ ಮಗಳ ಮೇಲೆ ಅಪ್ಪನಿಗೆ ಅಷ್ಟೂ ಹಕ್ಕಿಲ್ಲವೇ ಎಂದೂ ಕೇಳಿದ್ದೀರಿ. ಎರಡಕ್ಕೂ ಉತ್ತರ ಇದರಲ್ಲೇ ಇದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ.

ಮೊದಲು ಊರವರ ಅಭಿಪ್ರಾಯ. ನಮ್ಮ ಮ್ಯಾನೇಜರ್ ಹೊರಬಾಗಿಲ ಬಳಿ ತಗಡಿನ ಡಬ್ಬವೊಂದನ್ನು ಇಟ್ಟಿದ್ದಾರೆ. ಆಟ ಬಿಟ್ಟ ಮೇಲೆ ಜನ ಚೀಟಿ ಬರೆದು ಅದರೊಳಗೆ ಹಾಕುತ್ತಾರೆ. ಹೊಗಳಿದ್ದನ್ನು ಗಾಜಿನ ಬೋರ್ಡಿಗೆ ಅಂಟಿಸುವುದು, ಬೈದದ್ದನ್ನು ಹರಿದು ಬಿಸಾಡುವುದು ನನ್ನ ಕೆಲಸ. ಸೂಜಿ ಹಿಡಿಯಲಾಗದ ದರ್ಜಿಗೆ ಇದಾದರೂ ಸಿಕ್ಕಿತಲ್ಲ. ಅರ್ಧಕ್ಕರ್ಧ ಜನ ನಿಮ್ಮನ್ನು ಹೊತ್ತು ಮೆರೆಸಿದ್ದಾರೆ. ಕೋಟೆ ಬಾಗಿಲಿಗೆ ಕೈ ಸಿಕ್ಕಿಸುವ ದೃಶ್ಯಕ್ಕಾಗಿಯೇ ಐದು ಸಲ ಬಂದೆ ಎಂದು ಒಬ್ಬ. ರಕ್ತ ಸಾಲದು, ಇನ್ನೊಂದಿಷ್ಟು ಹರಿಸಬಹುದಿತ್ತು ಎಂದು ಇನ್ನೊಬ್ಬ. ಸಿನಿಮಾದ ಮೂಲ ಪುಸ್ತಕ ಓದಿದವರು ಮಾತ್ರ ಕೆಂಡ ಕಾರಿದ್ದಾರೆ. ಕಾದಂಬರಿಯ ಕತ್ತು ಹಿಸುಕಿದ್ದೀರಿ ಎಂದು ಒಬ್ಬಾಕೆ ಎರಡೂ ಮಗ್ಗುಲಲ್ಲಿ ಬರೆದಿದ್ದಾಳೆ.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಭಾನುವಾರ ಮಧ್ಯಾಹ್ನಗಳಲ್ಲಿ ಗುಬ್ಬಿಯನ್ನು ಹೊಟ್ಟೆಯ ಮೇಲೆ ಕೂರಿಸಿಕೊಂಡು ನೀವೇ ಓದಿ ಹೇಳುತ್ತಿದ್ದ ಪುಸ್ತಕವಲ್ಲವೇ ಅದು? ಮರಳುಗಾಡಿನ ನಕ್ಷೆ ಬರೆಯಲು ಹೊರಟ ಮೋಜಣಿದಾರ, ಅವನಿಗೆ ದಾರಿ ತೋರಿಸಲು ಬಂದು ನೀರಿನ ಚೀಲ ಕದ್ದು ಓಡಿಹೋಗುವ ದಾರಿಗಾರ. ಕೊನೆಗೆ ಪಾಳು ಕೋಟೆಯಲ್ಲಿ ಇಬ್ಬರೂ ಎದುರಾದಾಗ ಮೋಜಣಿದಾರ ಚಾಕುವನ್ನು ಬಾವಿಗೆ ಎಸೆದು, ಕದ್ದವನಿಗೇ ಮೊದಲು ನೀರು ಕುಡಿಸುತ್ತಾನೆ. ಆ ಪುಟ ಬಂದಾಗಲೆಲ್ಲ ನೀವು ಓದು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದಿರಿ. ನಾನು ಬಟನ್ ಹೊಲಿಯುತ್ತಾ ಕೇಳುತ್ತಿದ್ದೆ, ಇಂಥ ಗಂಡಸು ನನಗೆ ಸಿಕ್ಕಿದನಲ್ಲ ಎಂದು ಹಿಗ್ಗುತ್ತಿದ್ದೆ.

ಸಿನಿಮಾ ನೋಡಬಾರದೆಂದೇ ಇದ್ದೆ. ಹೋದ ಭಾನುವಾರ ನೋಡುವ ಹಾಗಾಯಿತು. ಮೊದಲ ಆಟದಲ್ಲಿ, ಆ ದೃಶ್ಯ ಬರುತ್ತಿದ್ದಂತೆ, ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು ಪುಸ್ತಕ ಎತ್ತಿ ಹಿಡಿದು ಇದು ಇದರಲ್ಲಿಲ್ಲ, ಇದರಲ್ಲಿಲ್ಲ ಎಂದು ಕೂಗಿದರಂತೆ. ಹಿಂದಿನ ಸಾಲಿನವನು ಅವರ ಕುತ್ತಿಗೆ ಹಿಡಿದು ಕೂರಿಸಲು ಹೋದ. ಕ್ಷಮೆಯ ಪುಸ್ತಕ ಹಿಡಿದಿದ್ದ ಮೇಷ್ಟ್ರು ಅದರ ದಪ್ಪ ರಟ್ಟಿನಿಂದಲೇ ಅವನ ಮೂಗಿಗೆ ಬಾರಿಸಿದರು. ಆಮೇಲೆ ನಾಲ್ಕು ಜನ ಅವರ ಮೇಲೆ ಬಿದ್ದರು. ನಾನು ಓಡಿಹೋಗುವಷ್ಟರಲ್ಲಿ ಮೇಷ್ಟ್ರ ಕನ್ನಡಕ ಪುಡಿಯಾಗಿತ್ತು, ತುಟಿ ಎರಡು ಸೀಳಾಗಿತ್ತು, ಅವರದೇ ಹಲ್ಲೊಂದು ಅವರ ಅಂಗೈಯಲ್ಲಿತ್ತು. ಅವರನ್ನು ಎಬ್ಬಿಸಿಕೊಂಡು ಬರುತ್ತಿದ್ದೆ, ಅಷ್ಟರಲ್ಲಿ ಜನ ಕುರ್ಚಿ ಬಡಿದು ತಪ್ಪಿಹೋದ ಸೀನನ್ನು ಮತ್ತೆ ಹಾಕಿಸಿದರು. ನಾನು ಹಾದಿಯ ನಡುವೆ, ಕೈತುಂಬ ಮೇಷ್ಟ್ರ ರಕ್ತ ಮಾಡಿಕೊಂಡು, ನಿಂತು ನೋಡಿದೆ.

ದಾರಿಗಾರ ಚೌಕಟ್ಟಿನ ಮೇಲೆ ಕೈ ಇಡುತ್ತಾನೆ, ಕಿರುಬೆರಳು ಉಳಿದ ಬೆರಳಿಂದ ದೂರ. ಮೋಜಣಿದಾರ ಬಾಗಿಲು ತಳ್ಳುತ್ತಾನೆ. ಮೂಳೆ ಮುರಿದ ಸದ್ದನ್ನು ದೊಡ್ಡದಾಗಿ ಕೇಳಿಸಿದ್ದೀರಿ. ಕೈ ಸಿಕ್ಕಿಕೊಂಡಿರುವಾಗಲೇ ಇನ್ನೊಂದು ಸಲ ಭುಜ ಕೊಟ್ಟು ತಳ್ಳುತ್ತಾನೆ. ಬಾಗಿಲು ತೆರೆದಾಗ ದಾರಿಗಾರ ಕಿರುಚುವುದಿಲ್ಲ. ಬಟ್ಟೆಯ ಅಂಚಿನಿಂದ ಚಿಲಕದ ಮೇಲಿನ ರಕ್ತ ಒರೆಸುತ್ತಾನೆ. ಇದು ನಂಬುವ ಹಾಗಿಲ್ಲ, ಕೈ ಜಜ್ಜಿಹೋದವನು ಯಾಕೆ ಚಿಲಕ ಒರೆಸುತ್ತಾನೆ ಎಂದು ಏಳು ಚೀಟಿಗಳಲ್ಲಿ ಕೇಳಿದ್ದಾರೆ.

ಯಾಕೆಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಮಗು ನೋಡುತ್ತಿತ್ತು, ಅದಕ್ಕೆ.

ನಮ್ಮ ಮನೆಯ ಲೆಕ್ಕ ನಮಗೆ ಮೂವರಿಗೇ ಗೊತ್ತು. ಸಿನಿಮಾಕ್ಕೆಂದು ಕಟ್ಟುವ ಏಟುಗಳನ್ನೆಲ್ಲ ಮೊದಲು ನನ್ನ ಮೇಲೆ ಪರೀಕ್ಷಿಸುತ್ತಿದ್ದಿರಿ, ಗುಬ್ಬಿ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದಳು. ‘ಒಂದು’ ಎಂದರೆ ನೀವು ಕೈ ಎತ್ತುವುದು, ‘ಎರಡು’ ಎಂದರೆ ನಾನು ನಿಮ್ಮತ್ತ ತಿರುಗುವುದು, ‘ಮೂರು’ ಎಂದರೆ ನಾನು ತಪ್ಪಿಸಿಕೊಳ್ಳುವುದು, ಅದಾದ ಮೇಲೆಯೇ ಏಟು. ಮೂರಕ್ಕೆ ಮೊದಲು ಅಲುಗಾಡಿದರೆ ಎಷ್ಟು ಬೈಯುತ್ತಿದ್ದಿರಿ! ಎರಡು ವರ್ಷದ ಹಿಂದೆ ಆ ದಿನ, ನಿಮಗೆ ಸಿಗಬೇಕಿದ್ದ ದೊಡ್ಡ ಸಿನಿಮಾ ಇನ್ನೊಬ್ಬ ಮಾಸ್ಟರ್ ಪಾಲಾಗಿತ್ತು. ಹೋದರೆ ಹೋಗಲಿ ಬಿಡಿ ಎಂದೆ, ಅಷ್ಟೇ. ನೀವು ನಗುತ್ತಲೇ, “ಬಾ, ಆ ಬಾಗಿಲಿನ ಫೈಟ್ ಒಂದ್ಸಲ ನೋಡೋಣ” ಅಂದಿರಿ. ಚೌಕಟ್ಟಿನ ಮೇಲೆ ಕೈಯಿಟ್ಟೆ. ಒಂದು ಅಂದಳು, ಎರಡು ಅಂದಳು. ನಾನು ಕಲಿತ ಪಾಠದಂತೆ ಅಲುಗಾಡದೆ ಮೂರಕ್ಕೆ ಕಾಯುತ್ತಿದ್ದೆ.

ಆಸ್ಪತ್ರೆಯಲ್ಲಿ ನೀವು, “ರಿಹರ್ಸಲ್ ಮಾಡ್ತಿದ್ವಿ ಡಾಕ್ಟ್ರೇ, ಎಣಿಕೆ ತಪ್ಪೋಯ್ತು” ಅಂದಿರಿ. ನಾನು ತಲೆಯಾಡಿಸಿದೆ. ನನ್ನ ತಪ್ಪು ಅದು, ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ನನ್ನ ಕಾಲು ಹಿಡಿದು ಅತ್ತಿರಿ, ಕಣ್ಣು ಕತ್ತಲೆ ಬಂದಿತ್ತು, ಏನು ಮಾಡಿದೆನೋ ಒಂದೂ ನೆನಪಿಲ್ಲ ಎಂದಿರಿ. ಎರಡು ವರ್ಷ ಬೇರೆ ಇದ್ದರೂ ಆ ಒಂದು ಮಾತನ್ನು ನಂಬಿದ್ದೆ. ನೆನಪೇ ಇಲ್ಲದವನನ್ನು ಎಷ್ಟು ಅಂತ ದ್ವೇಷಿಸುವುದು? ಆದರೆ ನಿಮಗೆ ಎಲ್ಲ ನೆನಪಿದೆ. ಕಿರುಬೆರಳು, ಎರಡನೇ ಸಲದ ಭುಜ, ಚಿಲಕ, ಒಂದನ್ನೂ ಬಿಡದೆ ನಟರಿಗೆ ಹೇಳಿಕೊಟ್ಟಿದ್ದೀರಿ, ಅದಕ್ಕೆ ಚಪ್ಪಾಳೆಯೂ ಹೊಡೆಸಿಕೊಂಡಿದ್ದೀರಿ. ಕೇಳಿದಿರಲ್ಲ, ಇದೇ ನನ್ನ ಅಭಿಪ್ರಾಯ.

ಮೇಷ್ಟ್ರ ತುಟಿ ಒರೆಸುವಾಗ ಅವರು ನನ್ನ ಬಲಗೈಯನ್ನು ನೋಡಿದರು. ಏನಾಯಿತೆಂದು ಕೇಳಿದರು. ಮೊದಲ ಬಾರಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಸೋಮವಾರ ಆಸ್ಪತ್ರೆಗೆ ಹೋಗಿ, ಅಂದು ಬರೆಸಿದ್ದು ಸುಳ್ಳೆಂದು ಹೊಸದಾಗಿ ಬರೆಸಿ ಸಹಿ ಹಾಕಿ ಬಂದೆ. ಮೇಷ್ಟ್ರೇ ಸಾಕ್ಷಿ.

ಗುಬ್ಬಿಯನ್ನು ಕಳಿಸುವುದಿಲ್ಲ. ಅವಳು ಎತ್ತರವಾಗಿದ್ದಾಳೆ, ಚೆನ್ನಾಗಿ ಓದುತ್ತಾಳೆ. ಶಾಲೆಯಲ್ಲಿ ಮಗ್ಗಿಯನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ, ಕಣ್ಣಾಮುಚ್ಚಾಲೆಯಲ್ಲಿ ಎಣಿಸುವ ಸರದಿ ಬಂದರೆ ಆಟ ಬಿಟ್ಟು ಬರುತ್ತಾಳೆ. ನಾಚಿಕೆ ಸ್ವಭಾವ ಎಂದು ಸುಮ್ಮನಿದ್ದೇನೆ. ಅವಳಿಗೆ ನಿಮ್ಮ ಮೇಲೆ ಇನ್ನೂ ಪ್ರೀತಿಯಿದೆ, ಸುಳ್ಳೇಕೆ ಹೇಳಲಿ. ಆದ್ದರಿಂದ ಶನಿವಾರ ಬನ್ನಿ, ಬಾಗಿಲಲ್ಲೇ ನಿಂತು ಹತ್ತು ನಿಮಿಷ ಮಾತಾಡಿಸಿ ಹೋಗಿ.

ಇಂತಿ,
ಒಂದು ಕಾಲದಲ್ಲಿ ನಿಮ್ಮ ಏಟಿಗೆ ನಂಬಿ ನಿಲ್ಲುತ್ತಿದ್ದವಳು

ತಾ. ಕ.: ಕಾಗದ ಮಡಿಸುವ ಮೊದಲು ನಿನ್ನೆಯ ಚೀಟಿಗಳ ಡಬ್ಬ ಬಿಡಿಸಿದೆ. ನಿನ್ನೆ ಶಾಲೆ ಬಿಟ್ಟು ಬಂದ ಗುಬ್ಬಿಯನ್ನು ಗೇಟಿನವನು ಒಳಗೆ ಬಿಟ್ಟಿದ್ದನಂತೆ. ಅವಳ ಚೀಟಿ ಹೀಗಿದೆ: “ಸಿನಿಮಾ ಚೆನ್ನಾಗಿದೆ. ಆದ್ರೆ ಬಾಗಿಲಿನ ಹತ್ರ ಎಣಿಸೋರು ಯಾರೂ ಇಲ್ಲ, ಅದು ತಪ್ಪು. ನಮ್ಮನೇಲಿ ನಾನಿದ್ದೆ. ನಾನು ಮೂರು ಹೇಳೋದು ಲೇಟ್ ಮಾಡ್ದೆ, ಅದಕ್ಕೆ ಅಮ್ಮನ ಬೆರಳು ಹೋಯ್ತು.”

ಎಣಿಕೆ ತಪ್ಪಿತು ಎಂದು ನೀವು ಹೇಳಿದಾಗ, ನಾನು ತಲೆಯಾಡಿಸಿದಾಗ, ಎಣಿಸಿದವಳು ನಮ್ಮ ಪಕ್ಕದಲ್ಲೇ ನಿಂತಿದ್ದಳು. ಎರಡು ವರ್ಷ ಈ ಮಗು ಇದನ್ನು ಹೊತ್ತು ತಿರುಗಿದೆ. ಈಗಷ್ಟೇ, ಶಾಲೆಯಿಂದ ಬಂದ ಅವಳನ್ನು ಕೌಂಟರಿನೊಳಗೆ ಕೂರಿಸಿಕೊಂಡು, ಅಪ್ಪ ಮೂರಕ್ಕೆ ಕಾಯಲೇ ಇಲ್ಲ ಎಂಬ ನಿಜ ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತು, ನನ್ನ ಮುರಿದ ಬೆರಳು ಹಿಡಿದುಕೊಂಡೇ ನಿದ್ದೆಹೋಗಿದ್ದಾಳೆ.

ಹತ್ತು ನಿಮಿಷದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಶನಿವಾರ ಬಂದು ನಮ್ಮ ಚೌಕಟ್ಟಿನ ಮೇಲೆ ಕೈಯಿಟ್ಟರೆ, ಬಾಗಿಲ ಹಿಂದೆ ನಾನಿರುತ್ತೇನೆ. ಎಣಿಸಲು ಯಾರೂ ಇರುವುದಿಲ್ಲ.