ಮಗುಚಿದ ಗ್ಯಾಲಕ್ಸಿ

ಫೆಬ್ರವರಿ 3, ಬೆಳಿಗ್ಗೆ 9.30

ಹೀಟರ್ ಇವತ್ತೂ ಕೆಟ್ಟಿದೆ. ಮಫ್ಲರ್ ಸುತ್ತಿಕೊಂಡೇ ಕೆಲಸ. ಶಿಷ್ಯೆ ಹೊಸ ಚಿತ್ರ ತಂದು ಮೇಜಿನ ಮೇಲಿಟ್ಟಳು. ನನ್ನ ಗ್ಯಾಲಕ್ಸಿ — ನಡುವೆ ಕೋಲಿನಂಥ ಬೆಳಕಿನ ದಂಡ, ಅದರ ಎರಡು ತುದಿಗೆ ಎರಡು ಸುರುಳಿ ತೋಳು. ಬೇರೆ ಗ್ಯಾಲಕ್ಸಿಗಳು ತಿರುಗುವಾಗ ತೋಳನ್ನು ಹಿಂದೆ ಎಳೆದುಕೊಂಡು ಹೋಗುತ್ತವೆ. ಇದೊಂದು ಮುಂದಕ್ಕೆ ಚಾಚುತ್ತದೆ ಅಂತ ಮೂವತ್ತು ವರ್ಷದ ಹಿಂದೆ ಬರೆದವನು ನಾನು. ನನಗೆ ಹೆಸರು ತಂದದ್ದು ಅದೊಂದೇ.

"ನಿಮ್ದಕ್ಕೆ ಸರಿಯಾಗಿ ಹೊಂದುತ್ತೆ ಸರ್," ಅಂದಳು. ಖುಷಿಯಾಯಿತು. ಶುಕ್ರವಾರ ಪ್ರಬಂಧ ಕಳಿಸಬೇಕು. ಅವಳ ಮೊದಲನೆಯದು.

ಫೆಬ್ರವರಿ 4

ಚಿತ್ರದಲ್ಲಿ ಉತ್ತರ, ಪೂರ್ವದ ಬಾಣಗಳಿಲ್ಲ. ಕಾಫಿ ಲೋಟಕ್ಕೂ ದಿಕ್ಕು ಗುರುತು ಹಾಕುವಂಥವಳು. ಮರೆತಿರಬೇಕು... ಮರೆಯುವವಳಲ್ಲ.

ಫೆಬ್ರವರಿ 6, ಮಧ್ಯಾಹ್ನ

ಮೂಲ ಫೈಲ್ ತೆಗೆಸಿದೆ. ತೋಳುಗಳು ಉಲ್ಟಾ. ಇದೂ ಎಲ್ಲದರ ಹಾಗೇ ತೋಳನ್ನು ಹಿಂದೆ ಎಳೆಯುತ್ತದೆ. ಚಿತ್ರವನ್ನು ಎಡದಿಂದ ಬಲಕ್ಕೆ ಮಗುಚಿ ಪ್ರಿಂಟ್ ಹಾಕಿದ್ದಾಳೆ.

"ಯಾಕಮ್ಮಾ?"

"ನಿಮ್ದು ತಪ್ಪಿರಲ್ಲ, ನಮ್ಮ ಕ್ಯಾಮೆರಾನೇ ಮಗುಚಿ ತೋರಿಸ್ತಿದೆ ಅಂದ್ಕೊಂಡೆ ಸರ್."

"ನಿಜವಾಗ್ಲೂ ಅಂದ್ಕೊಂಡ್ಯಾ?"

ತಲೆ ತಗ್ಗಿಸಿದಳು. "ನಿಮ್ಮ ಮುಂದೆ ನಿಂತು ನೀವೇ ತಪ್ಪು ಅಂತ ಹೇಗೆ ಹೇಳ್ಲಿ?"

ಸಿಟ್ಟು ನೆತ್ತಿಗೇರಿತು. "ಸಿಕ್ಕಿಬಿದ್ರೆ ನಿನ್ನ ಯಾವ ದೂರದರ್ಶಕದ ಹತ್ರಾನೂ ಬಿಟ್ಕೊಳ್ಳಲ್ಲ. ನನ್ನ ಮರ್ಯಾದೆಗೆ ನಿನ್ನ ಬದುಕು ಹಾಳು ಮಾಡ್ಕೋತೀಯಾ?" ಚೆನ್ನಾಗಿ ಬೈದೆ. ಬೈದದ್ದು ಯಾರಿಗೆ ಅಂತ ನನಗೇ ಅನುಮಾನ.

ಸಂಜೆ 5

ಬೀರುವಿನಿಂದ, ಆ ಕಾಲದಲ್ಲಿ ಗ್ಯಾಲಕ್ಸಿಯ ಫೋಟೊ ಹಿಡಿದಿದ್ದ ಗಾಜಿನ ಫಲಕ ತೆಗೆದೆ. ಚಿತ್ರ ಮೂಡಿರುವ ಮುಖ ಮಾಸಲು. ಅದರ ಬೆನ್ನು ಹೊಳೆಯುತ್ತದೆ. ನಮ್ಮ ಫಲಕಗಳನ್ನು ಮಾಸಲು ಮುಖ ಮೇಲಿಟ್ಟೇ ಅಳೆಯಬೇಕು. ಹೊಸಬರಿಗೆಲ್ಲ ಅದನ್ನು ಕಲಿಸಿದವನೂ ನಾನೇ. ಆದರೆ ನನ್ನ ಶಾಯಿಯ ಗುರುತುಗಳೆಲ್ಲ ಹೊಳೆಯುವ ಮುಖದ ಮೇಲಿವೆ. ಎರಡು ಸಲ ನೋಡಿದೆ. ಅವತ್ತು ಫಲಕವನ್ನು ತಿರುವಿಟ್ಟು ಅಳೆದಿದ್ದೇನೆ, ಕನ್ನಡಿಯಲ್ಲಿ ನೋಡಿದ ಹಾಗೆ.

ಫೆಬ್ರವರಿ 7, ಸಂಜೆ 4

ಚಿತ್ರ ಸರಿಮಾಡಿಸಿದೆ. ಪ್ರಬಂಧ ಅವಳೊಬ್ಬಳ ಹೆಸರಿನಲ್ಲಿ.

"ನಿಮ್ಮ ಹಳೇದರ ಬಗ್ಗೆ ಏನಂತ ಬರೀಲಿ ಸರ್?"

"ತಪ್ಪು ಅಂತ ಬರಿ."

ಟೈಪ್ ಮಾಡಿದಳು, ಅಳಿಸಿದಳು. "ಕೈ ಬರ್ತಿಲ್ಲ ಸರ್."

ಕೀಬೋರ್ಡ್ ನನ್ನ ಕಡೆ ಎಳೆದುಕೊಂಡೆ. ಒಂದೇ ವಾಕ್ಯ, ಅರ್ಧ ಗಂಟೆ ಹಿಡಿಯಿತು. ಫಲಕ ತಿರುವಿಟ್ಟವನ ಹೆಸರು ಸಮೇತ ಬರೆದೆ. "ಕಳಿಸು," ಅಂದೆ. ಕಳಿಸಿದಳು.

ಮನಸ್ಸು ಹಗುರಾಯಿತು ಅಂತ ಬರೆದರೆ ಸುಳ್ಳು. ಸಂಕಟವಾಗುತ್ತಿದೆ. ಗ್ಯಾಲಕ್ಸಿ ಅಲ್ಲಿ ತನ್ನ ಪಾಡಿಗೆ ಎಲ್ಲದರ ಹಾಗೇ ತಿರುಗುತ್ತಿತ್ತು. ಮೂವತ್ತು ವರ್ಷ ಉಲ್ಟಾ ತಿರುಗಿದ್ದು ನಾನೊಬ್ಬನೇ.