ಗೋಡೆಯ ಆಚೆಗಿನ ಧೂಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ ಮಗಳ ನಮಸ್ಕಾರ.

ಅಳಿಯನಿಂದ ಆ ಕೆಲಸ ಬಿಡಿಸು, ಇಲ್ಲವಾದರೆ ನಾನೇ ಬಂದು ಬಿಡಿಸುತ್ತೇನೆ ಅಂತ ಬರೆದಿದ್ದೀಯ. ಬರಬೇಡಮ್ಮ. ನಿನಗೂ ಕೆಮ್ಮು ಹತ್ತಿದರೆ ನಿನ್ನ ಗೊಣಗಾಟ ಕೇಳೋರು ಯಾರು?

ಡಾಕ್ಟರು ಹೇಳಿದ್ದು ಇಷ್ಟು. ಫೈಬರ್ ಅಂದರೆ ಗಾಜಿನ ಎಳೆ. ಕಾರ್ಖಾನೆಯಲ್ಲಿ ಅದರಿಂದ ಮಾಡುವ ನೀರಿನ ಟ್ಯಾಂಕಿನ ಅಂಚು ಉಜ್ಜುವಾಗ ಪುಡಿಯಾಗಿ ಹಾರಿ ಕಣ್ಣು, ಮೂಗು, ಗಂಟಲು ಎಲ್ಲ ಕೆರಳಿಸುತ್ತೆ. ಇವರಿಗೆ ಮೊದಲೇ ಉಬ್ಬಸ, ಈಗ ಅದು ಹೆಗಲೇರಿ ಕೂತಿದೆ. ಧೂಳಿನಿಂದ ದೂರ ಇದ್ದರೆ ಇಳಿಯುತ್ತಂತೆ, ಇಲ್ಲದಿದ್ದರೆ ಎಷ್ಟು ಔಷಧಿ ಕುಡಿದರೂ ಅಷ್ಟೇ ಅಂತೆ. ದೂರ ಅಂದರೆ ಎಲ್ಲಿಗೆ? ನಮ್ಮ ಕೋಣೆಯ ಗೋಡೆಯ ಆಚೆಗೇ ಕಾರ್ಖಾನೆ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ಉಜ್ಜುವ ಯಂತ್ರದ ಮುಂದೆ ಈ ಮನೆಯ ಒಂದು ಆಳು ನಿಂತಿರೋವರೆಗೆ ಮಾತ್ರ ಈ ಕೋಣೆ ನಿಮ್ಮದು ಅಂತ ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ನಿನ್ನಲ್ಲಿಗೆ ಬರೋಣ ಅಂದರೆ ಅಣ್ಣನ ಸಂಸಾರಕ್ಕೇ ಕಾಲು ಚಾಚಲು ಜಾಗವಿಲ್ಲ.

ನಮ್ಮ ದಡ್ಡತನಾನೂ ಕೇಳು. ಕೆಲಸ ಮುಗಿದ ಮೇಲೆ ಎಲ್ಲರೂ ಗಾಳಿ ಪೈಪು ಹಿಡಿದು ಒಬ್ಬರ ಬೆನ್ನಿಗೊಬ್ಬರು ಗಾಳಿ ಹೊಡೆದುಕೊಂಡು, ಮಡಿಯಾದೆವು ಅಂತ ನಗುತ್ತಾ ಮನೆಗೆ ಬರೋರು. ಹಾರಿದ್ದೆಲ್ಲ ಮತ್ತೆ ಮೂಗಿಗೇ. ನಾನೇನು ಕಡಿಮೆಯೇ? ಆ ಅಂಗಿ, ಪ್ಯಾಂಟು, ಮಗಳ ಫ್ರಾಕು ಎಲ್ಲ ಒಂದೇ ಬಕೆಟ್ಟಿನಲ್ಲಿ ನೆನೆಸಿದೆ. ಮಗು ಮೈಯೆಲ್ಲ ಕೆರೆದುಕೊಂಡಾಗ ತಿಗಣೆಗೆ ಹಿಡಿಶಾಪ ಹಾಕಿ ಹಾಸಿಗೆ ಒಣಗಿಸಿದೆ. ಪಾಪ, ಒಂದು ತಿಗಣೆಯೂ ಇರಲಿಲ್ಲ. ಈಗ ಕೆಲಸದ ಬಟ್ಟೆ ಬೇರೆಯಾಗಿ ಒಗೆಯುತ್ತೇನೆ, ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಮಗಳು ಆರಾಮಾಗಿದ್ದಾಳೆ.

ಇವರೂ ಎಷ್ಟೋ ವಾಸಿ. ಕೂತೇ ರಾತ್ರಿ ಕಳೆಯೋದು ತಪ್ಪಿದೆ. ಮಗಳನ್ನು ಶಾಲೆಗೆ ಬಿಟ್ಟು, ಹಾಗೇ ಬೇರೆ ಕೆಲಸ ವಿಚಾರಿಸಿಕೊಂಡು ಬರುತ್ತಾರೆ. ಇನ್ನೂ ಎಲ್ಲೂ ಸಿಕ್ಕಿಲ್ಲ. ನನಗೆ ಭಯವಾಗುತ್ತಮ್ಮ, ಸುಳ್ಳು ಯಾಕೆ ಹೇಳಲಿ. ಬಾಗಿಲು ತೆರೆದೇ ಇದ್ದರೂ ಹೊರಗೆ ಹೋಗೋಕೆ ದಾರಿಯಿಲ್ಲ ಅನ್ನಿಸುತ್ತೆ.

ನೀನು ಹೊತ್ತು ಹೊತ್ತಿಗೆ ಊಟ ಮಾಡು, ನಮ್ಮದನ್ನು ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ
ಬಾಯಿಬಡುಕಿ

ಮರೆತಿದ್ದೆ: ಹಳೆಯ ಮೆತ್ತನೆ ಹತ್ತಿ ಬಟ್ಟೆ ಇದ್ದರೆ ಅಣ್ಣನ ಕೈಲಿ ಕಳಿಸು. ಕಾರ್ಖಾನೆಯ ಮಾಸ್ಕು ಗಂಡಸರ ಅಳತೆಯದು, ನನ್ನ ಮುಖಕ್ಕೆ ಸಡಿಲ. ಅಳಿಯನಿಗೆ ಮಾತ್ರ ಬೈಯಬೇಡ. ಹೋದ ತಿಂಗಳು ಇವರ ಬದಲು ನಾನು ಮೊದಲ ದಿನ ಯಂತ್ರಕ್ಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು ಅತ್ತರು. ಅಳುತ್ತಲೇ ಕೆಮ್ಮು ಬಂತು, ಕೆಮ್ಮುತ್ತಾ ಕೂತುಬಿಟ್ಟರು. ನಾನು ಪಕ್ಕದಿಂದ ದಾಟಿ ಹೋದೆ.